ಇಂಚಿಗೆ ಹದಿನಾಲ್ಕು

ಜನವರಿ 11

ಮಾವನವರಿಗೆ ನಮಸ್ಕಾರ.

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ಕೇಳುವ ಮುಖ ನನಗಿಲ್ಲ, ಹಾಗಾಗಿ ನೇರವಾಗಿ ಕೆಲಸದ ಮಾತಿಗೇ ಬರುತ್ತೇನೆ. ನಾನೂ ನಿಮ್ಮ ಮೊಮ್ಮಗಳು ಗುಬ್ಬಿಯೂ ಚೆನ್ನಾಗಿದ್ದೇವೆ. ಅವಳಿಗೆ ಹತ್ತು ತುಂಬಿತು. ಎರಡು ವರ್ಷದಿಂದ ನಾನು ದೊಡ್ಡ ಯಂತ್ರಗಳಿಗೆ ಎಣ್ಣೆಯ ಕೊಳವೆ ಮಾಡಿಕೊಡುವ ಒಂದು ಹೈಡ್ರಾಲಿಕ್ ಹೋಸ್ ಅಂಗಡಿಯ ಕೌಂಟರಿನಲ್ಲಿ ಕೂರುತ್ತಿದ್ದೇನೆ. ಊರಲ್ಲಿ ಬೇರೆ ಅಂಗಡಿ ಇರಲಿಲ್ಲವೇ ಅಂತ ನೀವು ಕೇಳಬಹುದು. ಕೆಲಸ ಹುಡುಕಿಕೊಂಡು ಹೋದಾಗ ನನಗೆ ಗೊತ್ತು ಅಂತ ಹೇಳಿಕೊಳ್ಳಲು ಇದ್ದದ್ದು ರಬ್ಬರು ಮತ್ತು ಎಣ್ಣೆಯ ವಾಸನೆ ಮಾತ್ರ. ಅದು ನಿಮ್ಮ ಮನೆಯಲ್ಲಿ ಏಳು ವರ್ಷ ಇದ್ದು ಬಂದದ್ದು.

ನಮ್ಮಲ್ಲಿದ್ದ ಫಿಟ್ಟರು ಕಳೆದ ತಿಂಗಳು ಕೆಲಸ ಬಿಟ್ಟರು. ಮೂರು ತಿಂಗಳಲ್ಲಿ ತಿರುಪಿನ ಗೆರೆ ನೋಡಿ ಥ್ರೆಡ್ ಗುರುತಿಸುವುದು ಕಲಿತರೆ ಬೆಂಚು ನಿಮ್ಮದು, ಇಲ್ಲದಿದ್ದರೆ ಎರಡೂ ಕೆಲಸಕ್ಕೆ ಒಬ್ಬನನ್ನೇ ತರುತ್ತೇನೆ ಅಂತ ಮಾಲೀಕರು ಹೇಳಿದ್ದಾರೆ. ಗಿರಾಕಿಗಳು ಒಡೆದ ಹೋಸಿನ ಲೋಹದ ತುದಿಯನ್ನು ತಂದು ಕೌಂಟರಿನ ಮೇಲಿಟ್ಟು ಇಂಥದೇ ಬೇಕು ಅನ್ನುತ್ತಾರೆ. ಡ್ರಾಯರುಗಳಲ್ಲಿ ನೂರಾರು ತುದಿಗಳಿವೆ. ನನ್ನ ಕಣ್ಣಿಗೆ ಎಲ್ಲವೂ ಒಂದೇ ತಾಯಿಯ ಮಕ್ಕಳು. ಇದನ್ನು ನಿಮ್ಮಷ್ಟು ಬಲ್ಲವರು ನನಗೆ ಬೇರೆ ಯಾರೂ ಗೊತ್ತಿಲ್ಲ. ಕಲಿಸುತ್ತೀರಾ?

ದಯವಿಟ್ಟು ಫೋನ್ ಮಾಡಬೇಡಿ. ಕೋಪದಿಂದ ಹೇಳುತ್ತಿಲ್ಲ. ನಿಮ್ಮ ದನಿ ನಿಮ್ಮ ಮಗನ ದನಿಯೇ. ನೀವು ಹಲೋ ಅಂದರೆ ನಾನು ಫೋನ್ ಇಟ್ಟುಬಿಡುತ್ತೇನೆ.

ಹೊರಟು ಬಂದ ದಿನ ನಿಮ್ಮ ಬಾಗಿಲಲ್ಲಿ ನಿಂತು ನಾನಂದ ಮಾತು ನಿಮಗೆ ಮರೆತಿರಲಾರದು. ಮಣ್ಣು ತುಂಬುವ ಲೋಡರಿನ ಎತ್ತಿದ ತೋಳಿಗೆ ಕಬ್ಬಿಣದ ಕಂಬ ಆನಿಸುವುದು ಎರಡು ನಿಮಿಷದ ಕೆಲಸ, ಅಷ್ಟನ್ನೂ ಮಾಡದೆ ರಿಪೇರಿಗೆ ಅಂತ ಅದರ ಕೆಳಗೆ ನುಗ್ಗಿ ಸತ್ತು ಹೆಂಡತಿ ಮಗಳನ್ನು ನಡುನೀರಲ್ಲಿ ಬಿಟ್ಟ ನಿಮ್ಮ ಮಗ ಅಂದಿದ್ದೆ. ನೀವು ತುಟಿ ಬಿಚ್ಚಲಿಲ್ಲ. ಹೆತ್ತವರ ಎದುರು ಹಾಗೆ ಅನ್ನಬಾರದಿತ್ತು. ಆದರೆ ಆ ಮಾತು ಸುಳ್ಳು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ, ಅದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ.

ಇತಿ,
ನಿಮ್ಮ ಸೊಸೆ


ಜನವರಿ 20

ಮಗಳೇ,

ಏನಂತ ಕರೆದು ಶುರುಮಾಡಬೇಕೋ ತಿಳಿಯದೆ ಎರಡು ಹಾಳೆ ಹಾಳುಮಾಡಿದೆ. ಕಡೆಗೆ ಹೀಗೇ ಇರಲಿ ಅನ್ನಿಸಿತು, ಬೇಡವಾದರೆ ಹೇಳು. ಫೋನ್ ಮಾಡುವುದಿಲ್ಲ. ನೀನು ಅವತ್ತು ಅಂದದ್ದಕ್ಕೆ ನನಗೆ ಬೇಸರವಿಲ್ಲ. ಗುಬ್ಬಿಗೆ ಹತ್ತು ವರ್ಷ ಅಂತ ಓದಿ ಬೆರಳು ಮಡಿಸಿ ಎಣಿಸಿದೆ, ಲೆಕ್ಕ ಸರಿಯಿತ್ತು.

ಕಲಿಸುತ್ತೇನೆ. ನಮ್ಮ ಕಸುಬಿನಲ್ಲಿ ಎರಡು ಜಾತಿಯ ಜನ. ಅಳೆದು ಹೇಳುವವರು ಒಂದು, ನೋಡಿದರೇ ಗೊತ್ತಾಗುತ್ತೆ ಅನ್ನುವವರು ಇನ್ನೊಂದು. ಎರಡನೆಯವರ ಅಂಗಡಿಯ ನೆರಳಿಗೂ ಹೋಗಬೇಡ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ತುದಿ ಕೈಗೆ ಬಂದಾಗ ಅದಕ್ಕೆ ನಾಲ್ಕು ಪ್ರಶ್ನೆ ಕೇಳಬೇಕು. ಒಂದನೆಯದು, ಗಂಡೋ ಹೆಣ್ಣೋ, ಅಗಲ ಎಷ್ಟು. ಥ್ರೆಡ್ ಹೊರಮೈಯಲ್ಲಿದ್ದರೆ ಗಂಡು, ಒಳಗಿದ್ದರೆ ಹೆಣ್ಣು. ಗಂಡಾದರೆ ವರ್ನಿಯರ್ ಅಳತೆಗೋಲಿನ ದೊಡ್ಡ ದವಡೆಯಲ್ಲಿ ಹಿಡಿ, ಹೆಣ್ಣಾದರೆ ಸಣ್ಣ ದವಡೆಯನ್ನು ಒಳಕ್ಕೆ ತೂರಿಸು. ಅರ್ಧ ಇಂಚು ಅಂತ ಕರೆಯುವ ತುದಿಯನ್ನು ಅಳೆದರೆ ಅರ್ಧ ಇಂಚು ಬರುವುದಿಲ್ಲ, ಇಪ್ಪತ್ತೊಂದು ಮಿಲಿಮೀಟರ್ ಆಸುಪಾಸು ಬರುತ್ತದೆ. ಯಾಕೆ ಅಂತ ನನ್ನನ್ನು ಕೇಳಬೇಡ, ಹೆಸರಿಟ್ಟವರು ಸತ್ತು ಎಷ್ಟೋ ಕಾಲವಾಯಿತು.

ಎರಡನೆಯದು, ಮೈ ನೆಟ್ಟಗಿದೆಯೋ, ತುದಿಗೆ ಹೋಗುತ್ತ ಸಣ್ಣಗಾಗುತ್ತದೆಯೋ. ವರ್ನಿಯರಿನ ದವಡೆಯನ್ನು ಥ್ರೆಡ್ಡಿನ ಉದ್ದಕ್ಕೂ ಮಲಗಿಸಿ ಕಿಟಕಿಯ ಬೆಳಕಿಗೆ ಹಿಡಿ. ಉದ್ದಕ್ಕೂ ತಾಗಿದರೆ ನೆಟ್ಟಗಿನದು. ಒಂದು ಕೊನೆಯಲ್ಲಿ ಬೆಳಕು ನುಸುಳಿದರೆ ಇಳಿಜಾರಿನದು. ಸದ್ಯ ಈ ಎರಡನ್ನೇ ಹದಿನೈದು ದಿನ ಮಾಡು. ಉಳಿದೆರಡು ಆಮೇಲೆ.

ನಾನು ಈಗ ಬೆಂಚಿನಲ್ಲಿಲ್ಲ. ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತೇನೆ.

ಇತಿ,
ಮಾವ


ಫೆಬ್ರವರಿ 6

ಮಾವನವರಿಗೆ ನಮಸ್ಕಾರ.

ಮಗಳೇ ಅಂತಲೇ ಕರೆಯಿರಿ. ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಂದೊಂದು ಡ್ರಾಯರು ಹೊರಗೆಳೆದು ಅಳೆಯುತ್ತೇನೆ. ಮೊದಲ ವಾರ ಹತ್ತರಲ್ಲಿ ಆರು ತಪ್ಪು, ಈಗ ಎರಡು. ಮಾಲೀಕರು ಹಿಂದಿನಿಂದ ಬಂದು ನೋಡಿ ಹ್ಞೂಂ ಅನ್ನುತ್ತಾರೆ. ಅವರ ಬಾಯಲ್ಲಿ ಅಷ್ಟು ಬಂದರೆ ಅದೇ ಸನ್ಮಾನ.

ನೀವು ಬೆಂಚು ಬಿಟ್ಟದ್ದು ನನಗೆ ನಂಬಲು ಆಗಲಿಲ್ಲ. ಕೈಗೆ ಏನಾದರೂ ಆಯಿತೇ? ಕಣ್ಣೇ? ಮೂವತ್ತು ವರ್ಷ ಮಾಡಿದ ಕೆಲಸವನ್ನು ಬಿಟ್ಟು ಪೆಟ್ಟಿಗೆ ಎಣಿಸುವಷ್ಟು ಏನಾಯಿತು ಅಂತ ಬರೆಯಲೇ ಇಲ್ಲ.

ಗುಬ್ಬಿ ಮೊನ್ನೆ ಮೇಜಿನ ಅಂಚಿಗೆ ಇಟ್ಟ ಗಾಜಿನ ಜಗ್ಗು ಬಿದ್ದು ಚೂರಾಯಿತು. ಅಪ್ಪನ ಮಗಳು ಅಂದೆ. ನಮ್ಮ ಮನೆಯಲ್ಲಿ ಅದು ಬೈಗುಳ. ಅವಳು ಅಳುವುದಿಲ್ಲ, ಕಸಬರಿಗೆ ತಂದು ಗುಡಿಸುತ್ತಾಳೆ. ಏನೇ ಬಿದ್ದರೂ ಒಡೆದರೂ ನನ್ನ ಬಾಯಿಗೆ ಅದೇ ಮಾತು ಬರುತ್ತದೆ. ಕೆಟ್ಟ ಚಾಳಿ ಅಂತ ಗೊತ್ತು, ಆದರೆ ನನಗೆ ಭಯ, ಅವಳೂ ಹಾಗೇ ಆಗಿಬಿಟ್ಟರೆ ಅಂತ.

ಇನ್ನೊಂದು ವಿಷಯ. ಸಂಜೆ ಮನೆಯಲ್ಲಿ ಅಭ್ಯಾಸಕ್ಕೆ ಯಾವ ತುದಿಯೂ ಇಲ್ಲ ಅಂದುಕೊಂಡಿದ್ದೆ. ಆಮೇಲೆ ನೆನಪಾಯಿತು, ಗುಬ್ಬಿಯ ಅಪ್ಪನ ಟೂಲ್ ಬ್ಯಾಗಿನ ಪಕ್ಕದ ಜೇಬಿನಲ್ಲಿ ಒಂದು ಇದೆ. ಅವತ್ತು ಲೋಡರಿನಿಂದ ಕಿತ್ತು ಬಂದದ್ದು. ಕೆಲಸದ ಯಾರ್ಡಿನವರು ಬ್ಯಾಗ್ ಕೊಡುವಾಗ ಬಟ್ಟೆ ಸುತ್ತಿ ಅದನ್ನೂ ಇಟ್ಟಿದ್ದರು. ಇಷ್ಟು ವರ್ಷ ಮುಟ್ಟಿರಲಿಲ್ಲ. ಎಲ್ಲ ಪ್ರಶ್ನೆ ಕಲಿತ ಮೇಲೆ ಅದನ್ನೂ ಒಮ್ಮೆ ಅಳೆದು ನೋಡಬೇಕು. ಉಳಿದೆರಡನ್ನು ಬೇಗ ಕಲಿಸಿ.

ಇತಿ,
ನಿಮ್ಮ ಸೊಸೆ


ಮಾರ್ಚ್ 19

ಮಾವನವರಿಗೆ ನಮಸ್ಕಾರ.

ಆರು ವಾರವಾಯಿತು, ನಿಮ್ಮಿಂದ ಕಾಗದವಿಲ್ಲ. ಮೈ ಹುಷಾರಿಲ್ಲವೇ? ನನ್ನ ಗಡುವು ಏಪ್ರಿಲ್ ಮೊದಲ ವಾರಕ್ಕೆ ಮುಗಿಯುತ್ತದೆ. ನಾನು ಏನಾದರೂ ತಪ್ಪು ಬರೆದಿದ್ದರೆ ಕ್ಷಮಿಸಿ, ಎರಡು ಸಾಲಾದರೂ ಹಾಕಿ.

ಇತಿ,
ನಿಮ್ಮ ಸೊಸೆ


ಮಾರ್ಚ್ 27

ಮಗಳೇ,

ಜ್ವರವಿತ್ತು, ಹಾಗಾಗಿ ತಡವಾಯಿತು. ಈಗ ವಾಸಿ.

ಮೂರನೆಯ ಪ್ರಶ್ನೆ, ಇಂಚಿಗೆ ಎಷ್ಟು ಹಲ್ಲು. ಬಾಚಣಿಗೆಯಂಥ ಹಲ್ಲಿರುವ ತೆಳು ತಗಡಿನ ಎಲೆಗಳ ಗೊಂಚಲು ನಿನ್ನ ಬೆಂಚಿನ ಮೇಲೇ ಇರಬೇಕು, ಅದೇ ಪಿಚ್ ಗೇಜು. ಒಂದೊಂದು ಎಲೆಯ ಮೇಲೂ ಒಂದು ಸಂಖ್ಯೆ ಕೊರೆದಿರುತ್ತದೆ. ಎಲೆಯನ್ನು ಥ್ರೆಡ್ಡಿನ ಮೇಲೆ ಕೂರಿಸುತ್ತಾ ಹೋಗು. ಹದಿನಾಲ್ಕರ ಎಲೆ ಅಲುಗಾಡದೆ ಕೂತರೆ ಇಂಚಿಗೆ ಹದಿನಾಲ್ಕು ಹಲ್ಲು. ಅಗಲ ಗೊತ್ತು, ಮೈ ಗೊತ್ತು, ಹಲ್ಲು ಗೊತ್ತು ಅಂದಮೇಲೆ ಡ್ರಾಯರಿನಿಂದ ಅದರ ಜೊತೆಗಾರನನ್ನು ಹುಡುಕಬಹುದು. ನಾಲ್ಕನೆಯ ಪ್ರಶ್ನೆ ನಿನ್ನಂಥ ಕೌಂಟರಿಗೆ ಬೇಕಾಗುವುದಿಲ್ಲ. ಅದು ದೊಡ್ಡ ಕಾರ್ಖಾನೆಯವರ ಬಾಬತ್ತು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಬ್ಯಾಗಿನಲ್ಲಿರುವ ತುದಿಯ ಮೇಲೆ ಅಭ್ಯಾಸ ಬೇಡ. ಒತ್ತಡಕ್ಕೆ ಕಿತ್ತು ಬಂದ ಥ್ರೆಡ್ಡಿನ ಹಲ್ಲು ಮುರಿದಿರುತ್ತದೆ, ಸುಳ್ಳು ಅಳತೆ ಕೊಡುತ್ತದೆ. ಅದನ್ನು ಗುಜರಿಗೆ ಹಾಕು. ಮನೆಯಲ್ಲಿಟ್ಟುಕೊಳ್ಳುವುದು ಮನಸ್ಸಿಗೂ ಒಳ್ಳೆಯದಲ್ಲ. ಅಭ್ಯಾಸಕ್ಕೆ ಹನ್ನೆರಡು ಹೊಸ ತುದಿಗಳನ್ನು ಪಾರ್ಸೆಲ್ ಮಾಡಿದ್ದೇನೆ.

ಗುಬ್ಬಿಯನ್ನು ಹಾಗೆ ಬೈಯಬೇಡ. ಮಕ್ಕಳ ಕೈಯಲ್ಲಿ ಗಾಜು ಒಡೆಯುವುದು ಸಹಜ.

ಇತಿ,
ಮಾವ


ಏಪ್ರಿಲ್ 15

ಮಾವನವರಿಗೆ ನಮಸ್ಕಾರ.

ಬೆಂಚು ನನ್ನದಾಯಿತು. ಮಾಲೀಕರು ಇಪ್ಪತ್ತು ತುದಿ ಎದುರಿಗೆ ಸುರಿದರು, ಹತ್ತೊಂಬತ್ತು ಸರಿ ಹೇಳಿದೆ. ನನ್ನ ಹೆಸರು ಬರೆದ ಏಪ್ರನ್ ಕೊಟ್ಟಿದ್ದಾರೆ. ಗುಬ್ಬಿ ಅದನ್ನು ಹಾಕಿಕೊಂಡು ಮನೆ ತುಂಬ ಓಡಾಡಿದಳು. ಇದು ನಿಮ್ಮ ದಯೆ. ಪಾರ್ಸೆಲ್ ಬಂತು, ಆದರೆ ಬ್ಯಾಗಿನದನ್ನು ಗುಜರಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ.

ನಾನೇ ಮೊದಲಿನಿಂದ ಕೊನೆಯವರೆಗೆ ಮಾಡಿದ ಮೊದಲನೆಯ ಹೋಸು ಸೋಮವಾರ ಹೋಯಿತು. ಕಲ್ಲುಗಣಿಯ ಲೋಡರಿನ ತೋಳಿಗೆ. ಅವರು ಹಳೆಯ ತುದಿಯನ್ನೂ, ಅದು ಕೂರುವ ಅಡಾಪ್ಟರನ್ನೂ ತಂದಿದ್ದರು. ಅರ್ಧ ಇಂಚಿನದು, ಇಳಿಜಾರಿನ ಮೈ, ಇಂಚಿಗೆ ಹದಿನಾಲ್ಕು. ಹೊಸ ತುದಿಯ ಮೇಲೂ ಹದಿನಾಲ್ಕರ ಎಲೆ ಕೂತಿತು. ಅಗಲದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂತು, ಹಳೆಯದು ಸವೆದಿರಬೇಕು ಅಂದುಕೊಂಡೆ. ಅಡಾಪ್ಟರಿಗೆ ಹಾಕಿ ತಿರುಗಿಸಿದರೆ ನಾಲ್ಕು ಸುತ್ತು ಸಲೀಸಾಗಿ ಹೋಗಿ ಬಿಗಿಯಾಗಿ ಕಚ್ಚಿತು. ಎಷ್ಟು ಹೆಮ್ಮೆಯಾಯಿತು ಅಂದರೆ, ಅವರ ಮೆಕ್ಯಾನಿಕ್ಕಿಗೆ ನೀರು ಕೊಟ್ಟು ಕಳಿಸಿದೆ.

ಅವನಿಗೆ ಒಂದು ಮಾತು ಹೇಳಿದೆ. ಕೆಳಗೆ ಹೋಗುವ ಮುಂಚೆ ಕಂಬ ಆನಿಸಪ್ಪ ಅಂತ. ಹ್ಞೂಂ ಅಕ್ಕ ಅಂದ. ಎಲ್ಲರೂ ಹಾಗೇ ಅನ್ನುತ್ತಾರೆ. ಅವರೂ ನನಗೆ ದಿನಾ ಬೆಳಿಗ್ಗೆ ಹಾಗೇ ಹೇಳಿ ಹೋಗುತ್ತಿದ್ದರು.

ಇತಿ,
ನಿಮ್ಮ ಸೊಸೆ


ಏಪ್ರಿಲ್ 19

ಮಗಳೇ,

ಇದು ನಿನ್ನ ಕೈ ಸೇರುವ ಹೊತ್ತಿಗೆ ನಾನು ಇವತ್ತು ಬೆಳಿಗ್ಗೆ ಮಾಡಿದ ಫೋನಿನ ವಿಷಯ ನಿನಗೆ ಗೊತ್ತಿರುತ್ತದೆ. ನೀನು ಮಾಡಬೇಡ ಅಂದಿದ್ದೆ, ನಾನು ಮಾಡಿದೆ. ನಿನ್ನ ಕಾಗದ ಬಂದ ಲಕೋಟೆಯ ಮೇಲೆ ಅಂಗಡಿಯ ನಂಬರ್ ಅಚ್ಚಾಗಿತ್ತು. ಫೋನ್ ಎತ್ತಿದವರು ಮಾಲೀಕರು, ಅದು ಒಳ್ಳೆಯದಾಯಿತು. ಆ ಲೋಡರನ್ನು ಈಗಲೇ ನಿಲ್ಲಿಸಿ, ತೋಳು ಕೆಳಗಿಳಿಸಿ, ಹೋಸು ಬಿಚ್ಚಿಸಿ, ಐವತ್ತೈದು ಅರವತ್ತು ಎರಡೂ ಗೇಜು ಹಿಡಿದು ನೋಡಿ ಅಂದೆ. ಯಾರು ನೀವು ಅಂದರು. ಇದೇ ತಪ್ಪು ಮಾಡಿದವನು ಅಂದೆ.

ನಾಲ್ಕನೆಯ ಪ್ರಶ್ನೆ, ಹಲ್ಲಿನ ಕೋನ. ಒಂದು ಬಗೆಯ ಥ್ರೆಡ್ಡಿನ ಹಲ್ಲು ಐವತ್ತೈದು ಡಿಗ್ರಿಯದು, ಇನ್ನೊಂದು ಬಗೆಯದು ಅರವತ್ತರದು. ಬೇರೆ ಅಳತೆಗಳಲ್ಲಿ ಇವೆರಡರ ಹಲ್ಲಿನ ಎಣಿಕೆಯೇ ಬೇರೆ. ಆದರೆ ಅರ್ಧ ಇಂಚಿನಲ್ಲೂ ಮುಕ್ಕಾಲು ಇಂಚಿನಲ್ಲೂ ಎರಡಕ್ಕೂ ಇಂಚಿಗೆ ಹದಿನಾಲ್ಕೇ ಹಲ್ಲು. ಅಗಲದಲ್ಲಿ ಅರ್ಧ ಮಿಲಿಮೀಟರ್ ಕೂಡ ವ್ಯತ್ಯಾಸವಿಲ್ಲ. ಒಂದನ್ನು ಇನ್ನೊಂದರೊಳಗೆ ಹಾಕಿದರೆ ನಾಲ್ಕು ಸುತ್ತು ಹೋಗಿ ಕಚ್ಚುತ್ತದೆ, ಕೈಗೆ ಬಿಗಿ ಅನ್ನಿಸುತ್ತದೆ. ಹಿಡಿದಿರುವುದು ಹಲ್ಲಿನ ತುದಿ ಮಾತ್ರ. ಭಾರ ಎತ್ತಿ ಇಳಿಸುತ್ತ ಒಂದು ದಿನ ಕಿತ್ತು ಬರುತ್ತದೆ, ಎಣ್ಣೆ ಚೆಲ್ಲಿ ತೋಳು ಬೀಳುತ್ತದೆ. ಅದಕ್ಕೇ ಎರಡು ಗೊಂಚಲು ಗೇಜು ಬೇಕು, ಐವತ್ತೈದರದ್ದು ಒಂದು, ಅರವತ್ತರದ್ದು ಒಂದು. ಎರಡರ ಹದಿನಾಲ್ಕನೇ ಎಲೆಯನ್ನೂ ಕೂರಿಸಿ ಬೆಳಕಿಗೆ ಹಿಡಿ. ಯಾವುದರ ಹಲ್ಲಿನ ಪಕ್ಕದಲ್ಲಿ ಬೆಳಕು ನುಸುಳುವುದಿಲ್ಲವೋ ಅದು ಸರಿ.

ಇದನ್ನು ನಾನು ಮಾರ್ಚಿನಲ್ಲೇ ಬರೆಯಬೇಕಿತ್ತು. ಜ್ವರ ಬಂದಿರಲಿಲ್ಲ. ಬ್ಯಾಗಿನಲ್ಲಿ ಆ ತುದಿ ಇದೆ ಅಂತ ಓದಿದ ಮೇಲೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದಾಯಿತು. ನಾಲ್ಕನೆಯದನ್ನು ಕಲಿತರೆ ನೀನು ಅದನ್ನು ಅಳೆಯುತ್ತೀಯ, ಅಳೆದರೆ ತಿಳಿಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಮೂರಕ್ಕೇ ನಿಲ್ಲಿಸಿದೆ. ನಿನ್ನ ಕೈಯಿಂದ ಇನ್ನೊಬ್ಬನ ತಲೆಯ ಮೇಲೆ ಅದೇ ಹೋಗಬಹುದು ಅಂತ ನನಗೆ ಹೊಳೆಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಹಾಗಾಗಲಾರದು ಅಂದುಕೊಂಡೆ.

ಅವತ್ತಿನ ವಿಷಯ ಹೇಳುತ್ತೇನೆ. ಬೆಳಿಗ್ಗೆ ಅವನೇ ಹಳೆಯ ತುದಿ ಹಿಡಿದುಕೊಂಡು ಅಂಗಡಿಗೆ ಬಂದ. ವರ್ನಿಯರ್ ಮೇಜಿನ ಮೇಲೇ ಇತ್ತು, ಗೇಜುಗಳು ಮೊಳೆಗೆ ನೇತಾಡುತ್ತಿದ್ದವು. ನಾನು ಬೆರಳಲ್ಲಿ ಸವರಿ ಅರ್ಧ ಇಂಚು, ಹದಿನಾಲ್ಕು ಅಂದುಬಿಟ್ಟೆ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು, ಅವರು ನೋಡಲಿ ಅಂತಲೂ ಇತ್ತು. ಅವನು "ಅಪ್ಪಾ, ಒಂದ್ಸಲ ಅಳೆದು ನೋಡಬಾರ್ದಾ?" ಅಂದ. "ನೀನು ಹುಟ್ಟೋಕೆ ಮುಂಚಿಂದ ಇದೇ ಮಾಡ್ತಿದೀನಿ" ಅಂದೆ. ಅವರೆಲ್ಲ ನಕ್ಕರು, ಅವನೂ ನಕ್ಕ. ಅವನಿಗೆ ಬೇಕಿದ್ದದ್ದು ಐವತ್ತೈದರದ್ದು, ನಾನು ಕೊಟ್ಟದ್ದು ಅರವತ್ತರದ್ದು.

ಕಂಬ ಆನಿಸದ್ದು ನಿಜ. ಯಾಕೆ ಆನಿಸಲಿಲ್ಲ ಅಂತ ನಿನಗೆ ಯಾರೂ ಹೇಳಿಲ್ಲ. ಲೋಡರಿನ ಚಾಲಕ ನನಗೆ ಹೇಳಿದ, ನಾನು ಅವನ ಕೈ ಹಿಡಿದು ಬೇರೆ ಯಾರಿಗೂ ಹೇಳಬೇಡ ಅಂದೆ. ಕಂಬ ತರಲಾ ಅಂತ ಅವನು ಕೇಳಿದ್ದನಂತೆ. "ಅಪ್ಪ ಮಾಡಿಕೊಟ್ಟ ಹೋಸು, ಅದಕ್ಕ್ಯಾಕೆ ಬಿಡಪ್ಪ" ಅಂದನಂತೆ ನನ್ನ ಮಗ.

ಹೋಸು ಹಳೆಯದೇ ಅಂತ ತನಿಖೆಗೆ ಬಂದ ಅಧಿಕಾರಿ ಕೇಳಿದರು, ಹೌದು ಅಂದೆ. ಹಳೆಯ ಹೋಸು, ಕಂಬ ಇಟ್ಟಿಲ್ಲ, ಸ್ವಂತ ನಿರ್ಲಕ್ಷ್ಯ ಅಂತ ಬರೆದುಕೊಂಡು ಹೋದರು. ನೀನು ಬಾಗಿಲಲ್ಲಿ ನಿಂತು ಅವನನ್ನು ಅಂದಾಗಲೂ ನಾನು ಕೇಳಿಸಿಕೊಂಡು ನಿಂತೆ. ಬೆಂಚು ಬಿಟ್ಟದ್ದು ಕಣ್ಣಿನಿಂದಲ್ಲ, ಕೈಯಿಂದಲೂ ಅಲ್ಲ.

ಇತಿ,
ಮಾವ


ಮೇ 2

ಲೋಡರ್ ನಿಂತಿತು. ಮಾಲೀಕರೂ ನಾನೂ ಗಣಿಗೇ ಹೋದೆವು. ತೋಳು ಕೆಳಗಿಳಿಸಿ, ಬಿಚ್ಚಿ, ಅಲ್ಲೇ ಎರಡೂ ಗೇಜು ಹಿಡಿದು ನೋಡಿದೆ. ನೀವು ಹೇಳಿದ್ದೇ ಸರಿ. ಹಲ್ಲು ಆಗಲೇ ಅರ್ಧ ಸವೆದಿತ್ತು. ಆ ಮೆಕ್ಯಾನಿಕ್ಕು ಅವತ್ತು ಮಧ್ಯಾಹ್ನ ಅದರ ಕೆಳಗೆ ಹೋಗಬೇಕಿತ್ತಂತೆ. ಮಾಲೀಕರು ಏಪ್ರನ್ ವಾಪಸು ಕೇಳಿಲ್ಲ, ಆದರೆ ಈಗ ನಾನು ಮಾಡಿದ ಪ್ರತಿಯೊಂದನ್ನೂ ಇನ್ನೊಮ್ಮೆ ಅವರೇ ಅಳೆಯುತ್ತಾರೆ. ಅಳೆಯಲಿ.

ನಿಮ್ಮ ಕಾಗದ ಬಂದ ಸಂಜೆ ಗೇಜುಗಳನ್ನು ಮನೆಗೆ ತಂದು ಬ್ಯಾಗಿನದನ್ನು ತೆಗೆದೆ. ಕೊನೆಯ ಹಲ್ಲುಗಳು ಮುರಿದಿವೆ, ಬುಡದ ಕಡೆಯ ಹಲ್ಲುಗಳು ಹೊಸದರಂತಿವೆ. ಐವತ್ತೈದರ ಎಲೆ ಹಿಡಿದರೆ ಬೆಳಕು ಬಂತು. ಅರವತ್ತರದ್ದು ಕೂತುಕೊಂಡಿತು.

ನಿಮ್ಮ ತಪ್ಪನ್ನು ನಾನೂ ಮಾಡಿದೆ, ಹಾಗಾಗಿ ಅದರ ಬಗ್ಗೆ ನಿಮ್ಮನ್ನು ಅನ್ನುವ ಯೋಗ್ಯತೆ ನನಗಿಲ್ಲ. ಆದರೆ ನನ್ನ ತಪ್ಪನ್ನು ಮಾಡಿಸಿದವರು ನೀವು. ನಾಲ್ಕು ಸಾಲು ಬರೆದರೆ ಮುಗಿಯುತ್ತಿತ್ತು. ನಿಮ್ಮ ಮಾನ ಉಳಿಯಲಿ ಅಂತ ಇನ್ನೊಂದು ಮನೆಗೆ ಬೆಂಕಿ ಇಡಲು ನನ್ನ ಕೈಗೇ ಕೊಳ್ಳಿ ಕೊಟ್ಟಿರಿ.

ನಾಲ್ಕು ವರ್ಷ ನಾನು ಆ ಮನುಷ್ಯನ ಮೇಲೆ ಕೋಪ ಮಾಡಿಕೊಂಡು ಮಲಗಿದೆ, ಕೋಪ ಮಾಡಿಕೊಂಡು ಎದ್ದೆ. ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. ಅವರ ಫೋಟೋವನ್ನು ಗೋಡೆಯಿಂದ ತೆಗೆದು ಬೀರುವಿನಲ್ಲಿ ಮುಖ ಅಡಿಯಾಗಿ ಇಟ್ಟಿದ್ದೆ. ಅವರು ತಮ್ಮ ಅಪ್ಪನನ್ನು ನಂಬಿದ್ದರು, ಅಷ್ಟೇ. ಆ ನಾಲ್ಕು ವರ್ಷವನ್ನು ನನಗೆ ಯಾರು ವಾಪಸು ಕೊಡುತ್ತಾರೆ?

ಗುಬ್ಬಿಗೆ ಎಲ್ಲವನ್ನೂ ಹೇಳಿದೆ. ಅಪ್ಪನ ತಪ್ಪು ಅಂತ ನಾನು ಹೇಳುತ್ತಿದ್ದದ್ದು ಸರಿಯಲ್ಲ ಅಂದೆ. ಆಮೇಲೆ "ಮತ್ತೆ ತಾತ ಯಾಕೆ ಹೇಳ್ಲಿಲ್ಲ?" ಅಂತ ಕೇಳಿದಳು. ಉತ್ತರ ನಿಮ್ಮಲ್ಲಿದ್ದರೆ ಅವಳಿಗೇ ಬರೆಯಿರಿ. ಅವಳು ಚೆನ್ನಾಗಿ ಓದುತ್ತಾಳೆ. ಕಾಗದವನ್ನು ಒಡೆಯದೆ ಅವಳ ಕೈಗೆ ಕೊಡುತ್ತೇನೆ. ನನಗೆ ಇನ್ನು ಬರೆಯಬೇಡಿ.

ಇತಿ,
ಅವರ ಹೆಂಡತಿ


ಜೂನ್ 9

ಗುಬ್ಬೀ,

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ನನಗೆ ಐದು ವಾರ ಹಿಡಿಯಿತು. ಉತ್ತರ ಚಿಕ್ಕದು. ನನಗೆ ಭಯವಾಯಿತು.

ಮೊದಲ ದಿನ, ನಾಳೆ ಹೇಳೋಣ ಅಂದುಕೊಂಡೆ. ಮಾರನೆಯ ದಿನ ಮನೆ ತುಂಬ ಜನ ಇದ್ದರು, ನಿನ್ನ ಅಮ್ಮ ಅಳುತ್ತಿದ್ದಳು, ಇನ್ನೊಂದು ದಿನ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಎಲ್ಲರೂ ನಿನ್ನ ಅಪ್ಪನದೇ ತಪ್ಪು ಅನ್ನತೊಡಗಿದರು. ಸತ್ತವನು ಎದುರು ಮಾತಾಡುವುದಿಲ್ಲ, ನನಗೆ ಅದು ಅನುಕೂಲವಾಯಿತು. ದೊಡ್ಡವರು ಹೀಗೂ ಇರುತ್ತಾರೆ. ನಿನ್ನ ತಾತ ಹೀಗಿದ್ದ.

ನಿನ್ನ ಅಪ್ಪ ಎಚ್ಚರಗೇಡಿಯಲ್ಲ. ಅಳೆದು ನೋಡು ಅಂತ ಅವತ್ತು ಹೇಳಿದವನು ಅವನೊಬ್ಬನೇ. ಅವನು ಹೇಳಿದಂತೆ ನಾನು ಕೇಳಿದ್ದರೆ, ಎರಡು ನಿಮಿಷದ ಕೆಲಸ.

ಇದನ್ನೆಲ್ಲ ಇನ್ನೊಂದು ಹಾಳೆಯಲ್ಲಿ ಬರೆದು ಸಹಿ ಹಾಕಿ, ಅವತ್ತು ವರದಿ ಬರೆದ ಕಚೇರಿಗೆ ನಿನ್ನೆ ಕೊಟ್ಟು ಬಂದೆ. ಅಲ್ಲಿದ್ದವರು ಓದಿ, ಇಷ್ಟು ವರ್ಷ ಆದಮೇಲೆ ಯಾಕೆ ಬಂದಿರಿ ಅಂದರು. ಮೊಮ್ಮಗಳು ಕೇಳಿದಳು ಅಂದೆ. ಸೋಮವಾರ ಮತ್ತೆ ಬರಲು ಹೇಳಿದ್ದಾರೆ. ಆಮೇಲೆ ಏನು ಮಾಡುತ್ತಾರೋ ಗೊತ್ತಿಲ್ಲ. ನಿರ್ಲಕ್ಷ್ಯ ಅನ್ನುವ ಮಾತಿನ ಮುಂದೆ ನಿನ್ನ ಅಪ್ಪನ ಹೆಸರು ಹೊಡೆದು ನನ್ನ ಹೆಸರು ಬರೆಯಿರಿ ಅಂತ ಕೇಳಿದ್ದೇನೆ.

ಕಾಗದದ ಕೊನೆಯಲ್ಲಿ ನಿನ್ನ ತಾತ ಅಂತ ಬರೆಯಬೇಕು. ನನಗೆ ಕೈ ಬರಲಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದೇನೆ. ನಿನಗೆ ಎಂದಾದರೂ ಬರೆಯಬೇಕು ಅನ್ನಿಸಿದರೆ ನೀನೇ ಬರೆದುಕೋ. ಅನ್ನಿಸದಿದ್ದರೆ ಹಾಗೇ ಇರಲಿ.

ಇತಿ,